ಕುಲ್ಫಿಯಲ್ಲಿ ಮೊಟ್ಟೆ ಇರಲಿಲ್ಲ, ಅತ್ತಿ

ಪ್ರೀತಿಯ ಅತ್ತಿ,

ಹೇಗಿದ್ದೀ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಕೈಗೆ ಹತ್ತಿದ ರೂಢಿ. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಸೊಲ್ಲಾಪುರದ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ನನ್ನನ್ನು ಪ್ರತಿ ರಜೆಯಲ್ಲಿ ಉಮರ್ಗಾದ ನಿನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಕನ್ನಡ ಅಕ್ಷರ ತಿದ್ದಿಸಿದವಳು ನೀನು. ಹಾಗಾಗಿ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಂದು ಸುಳ್ಳು ಹೇಳಿದ್ದೆ ನಿನಗೆ. ನೀನಿರುವಾಗ ಹೇಳಬೇಕಾಗಿದ್ದ ಮಾತನ್ನು ಈಗ ಕಾಗದದ ಮೇಲೆ ಬರೆದರೆ ಅದು ನಿನಗೆ ಮುಟ್ಟುತ್ತದೆಯೇ? ಗೊತ್ತಿಲ್ಲ. ಆದರೂ...

ನಿಲಂಗಾದ ಬಸ್‌ಸ್ಟ್ಯಾಂಡಿನ ಎದುರಿನ ಆ ರಬಡಿಯ ಅಂಗಡಿ ಕಣ್ಣ ಮುಂದೆ ಬರುತ್ತದೆ. ನನಗೆ ಒಂಬತ್ತೋ ಹತ್ತೋ. ಮಾವ ತೀರಿಕೊಂಡ ಮೇಲೆ ನೀನು ಇಳಕಲ್ ಸೀರೆ, ಖಣದ ಗಂಟು ಕಟ್ಟಿಕೊಂಡು ಊರೂರು ಸುತ್ತಿ ಮಾರಲು ಶುರು ಮಾಡಿದ್ದೆ. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ, ಮತ್ತೆ ಅದೇ ಕೆಂಪು ಬಸ್ಸಿನಲ್ಲಿ ವಾಪಸ್ಸು. ರಜೆಯಲ್ಲಿ ಚಿಕ್ಕ ಗಂಟು ಹೊರುವುದು ನಾನು. ಮಠದಲ್ಲಿ ದೀಕ್ಷೆ ತೆಗೆದುಕೊಂಡಾಗ ನೀನು ಒಂದು ವ್ರತ ಹಿಡಿದಿದ್ದೆ. ಹೊರಗಿನ ಒಲೆಯ ಮೇಲೆ ಬೆಂದದ್ದನ್ನು ತಿನ್ನುವುದಿಲ್ಲ. ಗಿರಾಕಿಗಳ ಮನೆಯಲ್ಲಿ ಎಷ್ಟು ಒತ್ತಾಯ ಮಾಡಿದರೂ ನಿನ್ನ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ, ಅಷ್ಟೇ. ಆದರೆ ಐಸ್‌ಕ್ರೀಮು, ಕುಲ್ಫಿ, ರಬಡಿ ಇವಕ್ಕೆಲ್ಲ ನಿನ್ನ ವ್ರತದಲ್ಲಿ ಒಂದು ಕಿಟಕಿ ಇತ್ತು.

"ಅತ್ತಿ, ರಬಡಿ ಒಲಿ ಮ್ಯಾಲ ಕಾಯ್ಸಿರ್ತಾರಲ್ಲ?" ಎಂದು ನಾನು ಕೇಳಿದ್ದೆ.

"ಕಾಯ್ಸ್ಯಾರ. ಆದ್ರ ಅದು ಹಾಲು. ಹಾಲು ಎಲ್ಲಿ ಕಾದ್ರೂ ಹಾಲೇ."

"ಚಹಾದಾಗೂ ಹಾಲಿರ್ತದ."

"ಬಾಳ ಶಾಣ್ಯಾಕಿ ಆಗೀದಿ. ತಿನ್ನು, ಸೋರಲತ್ತದ."

ತಿನ್ನುವ ಮೊದಲು ನೀನು ಮಾಡುತ್ತಿದ್ದ ಒಂದು ಕೆಲಸವಿತ್ತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನ ಒಳಗೆ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚುತ್ತಿದ್ದೆ. ಕರಡಿಗೆಯೊಳಗಿನ ಲಿಂಗಕ್ಕೆ ತೋರಿಸದೆ ಒಂದು ಚಮಚವೂ ನಿನ್ನ ಬಾಯಿಗೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಜನ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆ. ಶಾಲೆಯ ಗೆಳತಿಯರು ಯಾರಾದರೂ ನೋಡಿದರೆ ಎಂದು ನಾನು ಬೇರೆ ಕಡೆ ಮುಖ ಮಾಡುತ್ತಿದ್ದೆ. ನಿನಗೆ ಅದು ತಿಳಿದಿತ್ತೇ?

ಅಂಗಡಿಗಳ ಮೇಲೆ ನಿನ್ನ ತೀರ್ಪುಗಳು ನೆನಪಾದರೆ ಈಗಲೂ ನಗು ಬರುತ್ತದೆ. ಉಮರ್ಗಾದಲ್ಲಿ ಹೈದರಾಬಾದಿನ ಲಾರಿಗಳು ನಿಲ್ಲುವಲ್ಲಿ ಒಬ್ಬ ತಳ್ಳುಗಾಡಿಯವನಿದ್ದ. ಅವನ ಐಸ್‌ಕ್ಯಾಂಡಿಯನ್ನು ಒಮ್ಮೆ ಚೀಪಿ, "ಇದೇನ್ ಐಸ್‌ಕ್ರೀಮ್ ಏನೋ? ಸಕ್ರಿ ನೀರಿಗಿ ಥಂಡಿ ಹತ್ತ್ಯಾದ," ಎಂದು ಅವನ ಎದುರಿಗೇ ಹೇಳಿದ್ದೆ. ನಿಲಂಗಾದ ಸೀತಾಫಳದ ರಬಡಿಗೆ ಮಾತ್ರ ತಲೆದೂಗುತ್ತಿದ್ದೆ. ಆದರೆ ಎಲ್ಲಕ್ಕಿಂತ ಮೇಲು ಉದಗೀರದ ಮಟ್ಕಾ ಕುಲ್ಫಿ. ಚಿಕ್ಕ ಮಣ್ಣಿನ ಗಡಿಗೆ, ಮೇಲೆ ಪಿಸ್ತಾದ ಚೂರು. ಎಲ್ಲರೂ ಮಾಮಾ ಎಂದು ಕರೆಯುತ್ತಿದ್ದ ಆ ಮನುಷ್ಯ ನಿನ್ನನ್ನು ಕಂಡ ಕೂಡಲೇ ಬೆಂಚು ಒರೆಸುತ್ತಿದ್ದ. "ಸೀರಿ ಬಾಯಿ ಬಂದ್ರು. ಇವತ್ತ ಕುಲ್ಫೀದು ಪರೀಕ್ಷಾ ಅದ," ಎನ್ನುತ್ತಿದ್ದ. "ಪಾಸ್ ಆದ್ರ ಒಂದ್ ಖಣ ಕೊಡ್ತೀನಿ ನಿಮ್ಮಾಕಿಗಿ," ಎಂದು ನೀನು. ಯಾವತ್ತೂ ಪಾಸೇ. ಆದರೂ ನೀನು ಖಣ ಕೊಟ್ಟದ್ದನ್ನು ನಾನು ನೋಡಿಲ್ಲ.

ಪುಣೆಯ ಹಾಸ್ಟೆಲ್ಲಿನಲ್ಲಿ ನಾನು ಆಮ್ಲೆಟ್ ತಿಂದದ್ದು ನಿನಗೆ ನಾನೇ ಹೇಳಿದ್ದೆ. ಇಪ್ಪತ್ತೊಂದು ವರ್ಷದ ಹುಡುಗಿ, ಕಾಲೇಜಿನ ಕೊನೆಯ ವರ್ಷ. ಹೇಳಿದರೆ ಏನಾಗುತ್ತದೆ ಎಂದು ನೋಡುವ ಹುಮ್ಮಸ್ಸು. ನೀನು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ನಿನ್ನ ಪೂಜೆಯ ತಂಬಿಗೆಗೆ ನೀರು ತುಂಬಲು ಹೋದರೆ, ತಂಬಿಗೆಯನ್ನು ನೀನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡೆ. "ಬ್ಯಾಡವ್ವ. ಜರಾ ದಿನ ನಿನ್ನ ಕೈ ನೀರು ಬ್ಯಾಡ." ಐದು ವರ್ಷದವಳಿದ್ದಾಗಿನಿಂದ ಆ ಮನೆಯಲ್ಲಿ ಅದು ನನ್ನ ಕೆಲಸ. ಬೈದಿದ್ದರೆ ವಾದ ಮಾಡುತ್ತಿದ್ದೆ, ಇಂಗ್ಲಿಷಿನಲ್ಲಿ ಓದಿದ್ದನ್ನೆಲ್ಲ ಹೇಳುತ್ತಿದ್ದೆ. ಆದರೆ ನೀನು ಬೈಯಲಿಲ್ಲವಲ್ಲ. ಎಂಟು ದಿನ ನೀನೇ ನೀರು ತುಂಬಿಕೊಂಡೆ, ನಾನು ನೋಡುತ್ತ ನಿಂತೆ. ಒಂಬತ್ತನೆಯ ದಿನ ನೀನೇ "ನಡಿ, ಉದಗೀರಕ್ಕ ಹೋಗಿ ಬರಮ್ಮ," ಎಂದೆ. ರಾಜಿಗೆಂದೇ ಕರೆದಿರಬೇಕು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

ಆ ದಿನ ಮಾಮಾನ ಅಂಗಡಿಯಲ್ಲಿ ಕೈ ತೊಳೆಯಲು ನಾನು ಹಿಂದಿನ ಕೋಣೆಗೆ ಹೋದೆ. ಗೋಡೆಗೆ ಒರಗಿಸಿ, ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಖಾಲಿ ಟ್ರೇಗಳು. ಒಂದು ಮೊಟ್ಟೆಯೂ ಇರಲಿಲ್ಲ, ಸಿಪ್ಪೆಯೂ ಇರಲಿಲ್ಲ. ಇದನ್ನು ನಾನು ಮೊದಲ ಸಲ ಬರೆಯುತ್ತಿದ್ದೇನೆ, ಅತ್ತಿ: ಒಂದೂ ಇರಲಿಲ್ಲ. ಹೊರಗೆ ಬಂದಾಗ ನೀನು ಮಟ್ಕಾವನ್ನು ಎದೆಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿದ್ದೆ. ನೀನು ಕಣ್ಣು ತೆರೆಯುವತನಕ ಕಾದು ಹೇಳಿದೆ.

"ಅತ್ತಿ, ಅದರಾಗ ಮೊಟ್ಟಿ ಅದ."

"ಏನಂದಿ?"

"ಮೊಟ್ಟಿ. ಹಿಂದ ಟ್ರೇ ಇಟ್ಟಾರ. ಐಸ್‌ಕ್ರೀಮಿಗಿ ಮೊಟ್ಟಿ ಹಾಕ್ತಾರ, ನಮ್ಮ ಪುಸ್ತಕದಾಗೂ ಅದ."

"ಕಣ್ಣಾರೆ ನೋಡೀದಿ? ಮೊಟ್ಟಿ?"

"ಹೂಂ. ನೋಡೀನಿ."

ಬೇಕಾದದ್ದು ಒಂದೇ ಮಾತು. 'ಟ್ರೇ ನೋಡೀನಿ' ಎಂದಿದ್ದರೆ ನೀನು ಎದ್ದು ಹೋಗಿ ಮಾಮಾನನ್ನು ಕೇಳುತ್ತಿದ್ದೆ. ಅವನು ನಗುತ್ತಿದ್ದ. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನೀನು ಮಟ್ಕಾವನ್ನು ಬೆಂಚಿನ ಮೇಲೆ ಇಟ್ಟೆ. "ಹೊಟ್ಟಿ ಬರೊಬ್ಬರಿ ಇಲ್ಲ ಮಾಮಾ," ಎಂದು ದುಡ್ಡು ಕೊಟ್ಟು ಹೊರಟೆ. ಬಸ್ಸಿನಲ್ಲಿ ನೀನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಮೇಲೆ ನನಗಲ್ಲ, ಯಾರಿಗೋ ಹೇಳಿದಂತೆ, "ತಿಂದದ್ದು ಹೋಗ್ಲಿ, ಲಿಂಗಕ್ಕ ತೋರ್ಸೀನಲ್ಲ. ಇಷ್ಟ ವರ್ಷ..." ಎಂದೆ. ನಿನ್ನ ಕೈ ಸೆರಗಿನೊಳಗೆ ಕರಡಿಗೆಯ ಮೇಲಿತ್ತು. ಅದನ್ನು ಮುಟ್ಟಲೂ ಅಂಜಿದವಳ ಹಾಗೆ ನೀನು ಕೈ ಹೊರತೆಗೆದೆ.

"ಮಾಮಾಗ ಒಂದ್ ಸಲ ಕೇಳು," ಎಂದೆ ನಾನು. ಅಷ್ಟಾದರೂ ಹೇಳಿದೆ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

"ಕೇಳಿದ್ರ ಅಂವಾ ಇಲ್ಲ ಅಂತಾನ. ನೀ ನೋಡೀನಿ ಅಂತಿ. ನಾ ಯಾರಿಗಿ ನಂಬ್ಲಿ? ನೀ ನನ್ನ ಮನೀ ಕೂಸು."

ಮಠದ ಅಯ್ಯನವರು ನಿನ್ನ ಮಾತು ಕೇಳಿ ನಕ್ಕರಂತೆ. "ತಿಳಿಲಾರದ ಆದದ್ದಕ್ಕ ಪಾಪ ಇಲ್ಲ ತಾಯಿ, ಸುಮ್ನ ಊಟ ಮಾಡು," ಎಂದರಂತೆ. ನೀನು ಒಪ್ಪಲಿಲ್ಲ. ಪ್ರತಿ ಸೋಮವಾರ ಉಪವಾಸ ಹಿಡಿದೆ. ಬೆಳಗಿನಿಂದ ಮರುದಿನದ ಪೂಜೆಯತನಕ ನೀರು ಮಾತ್ರ. ಐಸ್‌ಕ್ರೀಮು, ಕುಲ್ಫಿ, ರಬಡಿ ಎಲ್ಲ ಬಿಟ್ಟೆ. ನನ್ನ ಮೇಲೆ ಮಾತ್ರ ನಿನಗೆ ಪ್ರೀತಿ ಹೆಚ್ಚಾಯಿತು. ಪಾಪದಿಂದ ಪಾರು ಮಾಡಿದವಳು ಎಂದು. ತಂಬಿಗೆಯನ್ನು ವಾಪಸ್ಸು ನನ್ನ ಕೈಗೆ ಕೊಟ್ಟೆ. ನಾನು ತೆಗೆದುಕೊಂಡೆ ಅತ್ತಿ, ತೆಗೆದುಕೊಂಡು ನೀರು ತುಂಬಿದೆ. ಹೇಗೆ ತುಂಬಿದೆ?

ಗುಂಜೋಟಿಯ ಶಾಂತಾಬಾಯಿಯ ಮಗಳ ಮದುವೆ ಅದೇ ಬೇಸಿಗೆಯಲ್ಲಿತ್ತು. ನಿನ್ನ ಹಳೆಯ ಗಿರಾಕಿ, ನಾಲ್ಕು ಎತ್ತಿನ ಒಕ್ಕಲುತನದ ಮನೆ. ಜಳಕೋಟದಿಂದ ಬರುವ ಬೀಗರಿಗೆಂದು ಮಾಮಾನಿಗೆ ಆರುನೂರು ಮಟ್ಕಾ ಹೇಳಿದ್ದರು. ನೀನು ಹೋಗಿ ಅವರಿಗೆ ತಿಳಿಸಿದೆ. ಲಿಂಗ ಕಟ್ಟಿದ ಬೀಗರಿಗೆ ಮೊಟ್ಟೆಯ ಕುಲ್ಫಿ ಹೋಗಬಾರದೆಂದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಮದುವೆಗೆ ಎರಡು ದಿನವಿರುವಾಗ ಅವರು ಬೇಡ ಎಂದರು. ಅಲ್ಲಿಂದ ಮಾತು ಲೋಹಾರಾಕ್ಕೆ, ನಿಲಂಗಾದ ಕಿರಾಣಿ ವ್ಯಾಪಾರಿಗಳ ಮನೆಗಳಿಗೆ ಹೋಯಿತು. ನೀನು ಸೀರೆ ಒಯ್ದ ಮನೆಗಳಿಗೆಲ್ಲ ನನ್ನ ಸುಳ್ಳೂ ನಿನ್ನ ಜೊತೆ ಹೋಯಿತು.

ಕಳೆದ ವರ್ಷ ಆ ಕೊನೆಯ ವಾರದಲ್ಲಿ ನಿನ್ನ ಬಾಯಿ ಒಣಗುತ್ತಿತ್ತು. ಏನಾದರೂ ತಣ್ಣಗಿನದು ಕೊಡಿ ಎಂದು ಡಾಕ್ಟರು ಹೇಳಿದರು. ನಾನು ಒಂದು ಕಪ್ ವೆನಿಲಾ ಐಸ್‌ಕ್ರೀಮು ತಂದೆ. "ಹಸಿರು ಚುಕ್ಕಿ ಅದ ನೋಡತ್ತಿ, ಮೊಟ್ಟಿ ಇಲ್ಲಂತ ಗುರುತು," ಎಂದೆ. ನೀನು ಚುಕ್ಕಿಯನ್ನು ನೋಡಿದೆ, ನನ್ನನ್ನು ನೋಡಿದೆ. "ಚುಕ್ಕಿ ಯಾರೋ ಹಚ್ಚ್ಯಾರ. ನೀ ಮಾಡೋದು ಕಣ್ಣಾರೆ ನೋಡೀದಿ?" ಎಂದು ಕೇಳಿದೆ. ನಾನು ಇಲ್ಲ ಎಂದೆ. ನೀನು ಬಾಯಿ ಮುಚ್ಚಿಕೊಂಡೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆಗ ಹೇಳಬಹುದಿತ್ತು. ಹೇಳಿದ್ದರೆ ನೀನು ತಿನ್ನುತ್ತಿದ್ದೆಯೇನೋ, ಅಥವಾ ನನ್ನ ಮುಖ ನೋಡದೆ ಹೋಗುತ್ತಿದ್ದೆಯೇನೋ. ಎರಡನೆಯದಕ್ಕೆ ಅಂಜಿದೆ. ಆ ಐಸ್‌ಕ್ರೀಮು ಕಿಟಕಿಯಲ್ಲಿ ಕರಗಿತು. ಮೂರನೆಯ ದಿನ, ಅದೂ ಸೋಮವಾರವೇ, ನೀನು ಹೋದೆ.

ಈ ಬೇಸಿಗೆಯಲ್ಲಿ ಮಗಳು ಗೌರಿ ನಮ್ಮ ಕಡೆ ಸುತ್ತಬೇಕೆಂದಳು. ನಿನ್ನ ಗೌರಿಗೆ ಈಗ ಹದಿನೇಳು. ಯಾವ ಊರಿಗೆ ಹೋದರೂ ಮೊದಲು ಅಲ್ಲಿಯ ಐಸ್‌ಕ್ರೀಮ್ ಅಂಗಡಿ ಹುಡುಕುತ್ತಾಳೆ. ಅವಳು ಕೇಳಿದ್ದು ಮೂರು ಊರು: ಉಮರ್ಗಾ, ನಿಲಂಗಾ, ಉದಗೀರ. ಕಾರಣ ಕೇಳಿದರೆ, "ಹತ್ರ ಅವ ಅಲ್ಲ ಮಮ್ಮಿ," ಎಂದಳು. ಉಮರ್ಗಾದ ಹೈವೇಯಲ್ಲಿ ಈಗ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು. ತಣ್ಣನೆಯ ಹಂಚಿನ ಮೇಲೆ ಹಾಲು ಸುರಿದು, ಕೆರೆದು, ಸುರುಳಿ ಮಾಡಿ ಕೊಡುತ್ತಾರೆ. ನಾನು ಮೊಟ್ಟೆ ಇದೆಯೇ ಎಂದು ಕೇಳಿದೆ. "ಕೇಕ್ ಮಧೆ ಆಹೆ ತಾಯಿ, ಆಯಿಸಕ್ರೀಮ್ ಮಧೆ ನಾಯ್," ಎಂದ ಅಂಗಡಿಯವನು, ಮೊಟ್ಟೆ ಕೇಕಿನಲ್ಲಿದೆ, ಐಸ್‌ಕ್ರೀಮಿನಲ್ಲಿಲ್ಲ ಎಂದು. ನಿಲಂಗಾದ ರಬಡಿಯ ಅಂಗಡಿ ಅಲ್ಲೇ ಇದೆ, ಮೇಲೊಂದು ಮಾಳಿಗೆ ಏರಿದೆ. ಅಲ್ಲಿಯೂ ಕೇಳಿದೆ. ಹಾಲು, ಸಕ್ಕರೆ, ಸೀತಾಫಳ, ಮತ್ತೇನಿಲ್ಲ. "ಎಲ್ಲಾ ಕಡಿ ಅದನ್ನೇ ಯಾಕ ಕೇಳ್ತಿ?" ಎಂದು ಗೌರಿ ಸಿಡುಕಿದಳು.

ಉದಗೀರದಲ್ಲಿ ಮಾಮಾ ಇಲ್ಲ. ಹೋಗಿ ಆರು ವರ್ಷವಾಯಿತಂತೆ. ಅವನ ಹೆಂಡತಿ ಅಂಗಡಿ ನಡೆಸುತ್ತಾಳೆ. ನನ್ನ ಗುರುತು ಹತ್ತಲಿಲ್ಲ ಅವಳಿಗೆ. ನಾನು ಕೈ ತೊಳೆಯುವ ನೆವ ಮಾಡಿ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಅವೇ ರಟ್ಟಿನ ಟ್ರೇಗಳು, ಈ ಸಲ ನೆಲದ ಮೇಲೆ ಸಾಲಾಗಿ. ಒಂದೊಂದು ಕುಳಿಯಲ್ಲಿ ಒಂದೊಂದು ಮಣ್ಣಿನ ಮಟ್ಕಾ ಕೂತಿತ್ತು. ಮಟ್ಕಾದ ತಳ ಗುಂಡಗಿರುತ್ತದಲ್ಲ, ಬರೀ ನೆಲದ ಮೇಲೆ ಇಟ್ಟರೆ ಉರುಳುತ್ತದೆ. ಅದಕ್ಕೆ ಟ್ರೇಯಲ್ಲಿ ಕೂರಿಸಿ ಹಾಲು ತುಂಬುತ್ತಾರೆ. ಇಷ್ಟೇ ಅತ್ತಿ. ಇಷ್ಟೇ ವಿಷಯ.

"ಇದಕ್ಕ ಮೊಟ್ಟಿ..." ಎಂದು ಹೊರಗೆ ಬಂದು ಮಾಮಾನ ಹೆಂಡತಿಯನ್ನು ಕೇಳಲು ಶುರು ಮಾಡಿದೆ.

"ನೀವೂ ಅದೇ ಕೇಳ್ತೀರಿ ಏನ್ ತಾಯಿ?" ಅವಳು ಸೌಟು ಕೆಳಗಿಟ್ಟಳು. "ಟ್ರೇ ಪಕ್ಕದ ದುಕಾನದಾಗ ಹೊಸಾವ ತರ್ತೀವಿ. ನಮ್ಮ ಮನ್ಯಾಗ ಮೊಟ್ಟಿ ಯಾವತ್ತೂ ಬಂದಿಲ್ಲ. ಯಾರೋ ಪುಣ್ಯಾತ್ಮರು ಗುಲ್ಲ ಎಬ್ಬಿಸಿದ್ರು. ಆರುನೂರು ಮಟ್ಕಾ ಮದುವಿಗಂತ ತುಂಬಿದ್ದಿವಿ, ಓಣ್ಯಾಗ ಹಂಚೀವಿ. ಅವತ್ತಿನಿಂದ ಸೇಠರ ಮನೀ ಆರ್ಡರ್ ಒಂದೂ ಬರಲಿಲ್ಲ."

"ಅದು ನಾನೇ," ಎಂದೆ. "ಸೀರಿ ಬಾಯಿ ತಮ್ಮನ ಮಗಳು. ಖಾಲಿ ಟ್ರೇ ನೋಡಿ ಮೊಟ್ಟಿ ನೋಡೀನಿ ಅಂತ ಹೇಳ್ದೆ."

ಬೆಂಚಿನ ಮೇಲೆ ಕುಲ್ಫಿ ತಿನ್ನುತ್ತಿದ್ದ ಗೌರಿಯ ಕೈಯ ಚಮಚ ನಿಂತಿತು. ಮಾಮಾನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೂಗುತ್ತಾಳೆ ಎಂದುಕೊಂಡೆ. ಕೂಗಿದ್ದರೆ ಚೆನ್ನಾಗಿತ್ತು.

"ನಮ್ಮಂವಾ ಸಾಯೋತನ ಕೇಳ್ತಿದ್ದ," ಎಂದಳು. "ಸೀರಿ ಬಾಯಿ ಬರೋದು ಯಾಕ ಬಿಟ್ಳು, ನಂದೇನ್ ತಪ್ಪಾಗ್ಯಾದ ಅಂತ. ಈಗ ನಾ ಯಾರಿಗಿ ಹೋಗಿ ಹೇಳ್ಲಿ?"

ನಾನು ಕ್ಷಮೆ ಕೇಳಿದೆ. ಬೇಡ ಎನ್ನುವಂತೆ ಕೈ ಆಡಿಸಿದಳು. "ನನಗ ಹೇಳಿ ಏನ್ ಉಪಯೋಗ? ನನಗ ಗೊತ್ತೇ ಅದ. ಮನಿ ಮನಿಗಿ ಹ್ಯಾಂಗ ಹಬ್ಬಿತ್ತೋ ಹಂಗೇ ಮನಿ ಮನಿಗಿ ಹೋಗಿ ಹೇಳ್ರಿ." ಆಮೇಲೆ ಗೌರಿಯ ಕಡೆ ತಿರುಗಿ, ಬೇರೆಯದೇ ದನಿಯಲ್ಲಿ, "ತಿನ್ನವ್ವ ಕೂಸೇ, ನೀರಾಗಲತ್ತದ," ಎಂದಳು.

ಆಕೆ ಸರಿಯಾಗಿಯೇ ಹೇಳಿದಳು. ನಿನಗೆ ಮೊದಲು ಹೇಳಬೇಕಾಗಿತ್ತು, ಅದು ತಪ್ಪಿಹೋಯಿತು. ಈ ಪತ್ರದಲ್ಲಿ ಒಂದು ಸಾಲನ್ನಾದರೂ ದೊಡ್ಡದಾಗಿ ಬರೆಯುತ್ತೇನೆ: ನೀನು ಅಷ್ಟು ವರ್ಷ ಲಿಂಗಕ್ಕೆ ತೋರಿಸಿದ್ದು ಹಾಲನ್ನೇ. ಇಪ್ಪತ್ತಮೂರು ವರ್ಷದ ಆ ಸೋಮವಾರಗಳು ನಿನ್ನವಲ್ಲ, ನನ್ನವು. ನಾನು ಹಿಡಿಯಬೇಕಾಗಿದ್ದ ಉಪವಾಸ ಅದು.

ನಿನ್ನೆ ಗುಂಜೋಟಿಗೆ ಹೋಗಿದ್ದೆ. ಶಾಂತಾಬಾಯಿ ಇದ್ದಾಳೆ, ಅತ್ತಿ. ಎಂಬತ್ತು ದಾಟಿದೆ, ಕಿವಿ ಬಹಳ ಮಂದವಾಗಿದೆ. ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದಳು. ಮೆಲ್ಲಗೆ ಹೇಳಿ ಮುಗಿಸಬೇಕೆಂದು ಹತ್ತಿರ ಕೂತೆ.

"ಆಯಿ, ನಾ ಸೀರಿ ಮಾರ್ತಿದ್ದ ನೀಲಾಬಾಯಿ ತಮ್ಮನ ಮಗಳು, ಶೈಲಾ. ಉದಗೀರದ ಕುಲ್ಫ್ಯಾಗ ಮೊಟ್ಟಿ ಇರಲಿಲ್ರೀ."

"ಕುಲ್ಫಿ? ಬ್ಯಾಡವ್ವ, ಹಲ್ಲಿಲ್ಲ ನನಗ."

ಮತ್ತೊಮ್ಮೆ ಹೇಳಿದೆ. ಕೈಯನ್ನು ಕಿವಿಗೆ ಹಿಡಿದು, "ಜೋರ್ ಮಾತಾಡು, ಉಂಡಿಲ್ಲೇನ್ ನೀ?" ಎಂದಳು. ನಾನು ಎದ್ದು ನಿಂತು ಕೂಗಿದೆ. "ಮೊಟ್ಟಿ ಇರಲಿಲ್ಲ! ನಾ ಸುಳ್ಳ ಹೇಳಿದ್ದೆ! ಅತ್ತಿಗಿ ನಾ ಸುಳ್ಳ ಹೇಳಿದ್ದೆ!" ಎದುರು ಮನೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ಹೆಂಗಸರು ಮೊರ ನಿಲ್ಲಿಸಿದರು. ಓಣಿಯಲ್ಲಿ ಹೋಗುತ್ತಿದ್ದ ಮೋಟಾರ್‌ಸೈಕಲ್ಲು ನಿಂತಿತು. ಮೂರು ಸಲ ಕೂಗಿದ ಮೇಲೆ ಅವಳಿಗೆ ತಿಳಿಯಿತು.

"ಯಾಕ ಹೇಳಿದ್ದಿ?"

"ಸಿಟ್ಟು ಬಂದಿತ್ತು, ಆಯಿ! ಅತ್ತಿ ಮ್ಯಾಲ ಸಿಟ್ಟು!"

ಅವಳು ನನ್ನ ಕೈ ಹಿಡಿದು ಮತ್ತೆ ಹೊರಸಿನ ಮೇಲೆ ಕೂರಿಸಿದಳು. ಆಮೇಲೆ, ಕಿವುಡರು ಮಾತಾಡುವಂತೆ ಓಣಿಗೆಲ್ಲ ಕೇಳುವ ಹಾಗೆ, "ಆ ಸಿಟ್ಟು ಯಾವಾಗ ಇಳೀತು?" ಎಂದು ಕೇಳಿದಳು.

ಅದನ್ನು ಕೂಗಿ ಹೇಳುವ ಧೈರ್ಯ ಬರಲಿಲ್ಲ. ನಿನಗೆ ಹೇಳುತ್ತೇನೆ. ಆ ದಿನ ಬಸ್ಸು ನಿಲಂಗಾ ಮುಟ್ಟುವ ಮೊದಲೇ ಆ ಸಿಟ್ಟು ಇಳಿದಿತ್ತು, ಅತ್ತಿ. ನಿನ್ನ ಕಡೆ ತಿರುಗಿ ಬಾಯಿ ತೆರೆದಿದ್ದೆ. ನೀನು ಕಿಟಕಿಯ ಕಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ, ನಿದ್ದೆ ಹತ್ತಿದೆಯೆಂದು ತಿಳಿದು ನಾನು...

ನಾಳಿದ್ದು ಲೋಹಾರಾಕ್ಕೆ ಹೋಗುತ್ತೇನೆ. ಅಲ್ಲಿ ನೀನು ಸೀರೆ ಒಯ್ಯುತ್ತಿದ್ದ ಮೂರು ಮನೆಗಳಿವೆ.

ನಿನ್ನ
ಶೈಲಾ